ಕೀಬೋರ್ಡ್ ಕೇಳುತ್ತಿದ್ದ ಮೇಡಂ

ಮುಂಬೈಯ ನಮ್ಮ ಅಂಧೇರಿ ಆಫೀಸಿಗೆ ಕೆಲಸ ಕೇಳಿ ಬಂದವರಿಗೆ ಕಂಪ್ಯೂಟರ್ ಓಡಿಸುವ ಸ್ಕ್ರಿಪ್ಟ್ ಬರೆಯುವ ಪರೀಕ್ಷೆ ಇಡುತ್ತಿದ್ದವರು ಧಾರವಾಡ ಕಡೆಯ ಒಬ್ಬ ಮೇಡಂ. ಸ್ಕ್ರೀನ್ ನೋಡುವ ಕೆಲಸ ನನ್ನದು. ಅವರು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಕೀಬೋರ್ಡಿನ ಸದ್ದು ಕೇಳುತ್ತ ಕೂರುತ್ತಿದ್ದರು. ಯಾರು ಯೋಚಿಸಿ ಬರೆಯುತ್ತಿದ್ದಾರೆ, ಯಾರು ಬಾಯಿಪಾಠ ಒಪ್ಪಿಸುತ್ತಿದ್ದಾರೆ ಎಂದು ಅಷ್ಟರಿಂದಲೇ ಹೇಳುತ್ತಿದ್ದರು.

"ಕೈ ಸುಳ್ಳು ಹೇಳೂದಿಲ್ಲರಿ" ಎನ್ನುವುದು ಅವರ ಮಾತು.

ಒಮ್ಮೆ ಜೋಗೇಶ್ವರಿಯವನೊಬ್ಬ ಮನೆಯಿಂದಲೇ ವೀಡಿಯೊದಲ್ಲಿ ಪರೀಕ್ಷೆಗೆ ಕೂತಿದ್ದ. ನಡುವೆ ನೀರು ಕುಡಿಯಲು ಎರಡೂ ಕೈಯಲ್ಲಿ ತಂಬಿಗೆ ಎತ್ತಿದ. ಕೀಬೋರ್ಡಿನ ಸದ್ದು ನಿಲ್ಲಲಿಲ್ಲ. ಸ್ಕ್ರೀನ್ ಮೇಲೆ ಸಾಲುಗಳು ಬರುತ್ತಲೇ ಇದ್ದವು. ನಾನು ಮೇಡಂಗೆ ಪಿಸುಗುಟ್ಟಿದೆ.

ಅವರು ತಿರುಗದೆಯೇ ಕೇಳಿದರು. "ನಿಮ್ಮ ಜೋಡಿ ಯಾರದಾರ?"

"ಕೋಯಿ ನಹೀ, ಮೇಡಂ. ನಾನು ಒಬ್ಬನೇ." ಅವನು ಲ್ಯಾಪ್‌ಟಾಪ್ ಎತ್ತಿ ಖೋಲಿಯನ್ನೆಲ್ಲ ತೋರಿಸಿದ. ಯಾರೂ ಇರಲಿಲ್ಲ. ಸದ್ದು ಮಾತ್ರ ಅದೇ ಹದದಲ್ಲಿ ನಡೆದಿತ್ತು.

ಸ್ಕ್ರಿಪ್ಟ್ ಮೊದಲ ಸಲಕ್ಕೇ ಸರಿಯಾಗಿ ಓಡಿತು. "ಕೈ ಛಲೋ ಅದ" ಎಂದು ಮೇಡಂ ಅವನನ್ನು ತೆಗೆದುಕೊಂಡರು.

ಅವನು ಕೆಲಸಕ್ಕೆ ಸೇರಿದ ದಿನ ಅವನ ಮೇಜಿಗೆ ಅವರೇ ಎರಡು ಕುರ್ಚಿ ಹಾಕಿಸಿದ್ದರು. ಅವನು ಎರಡನ್ನೂ ನೋಡಿದ. ಒಂದರಲ್ಲಿ ಕೂತು, ಕೀಬೋರ್ಡನ್ನು ಖಾಲಿ ಕುರ್ಚಿಯ ಮುಂದೆ ಸರಿಸಿದ.