ಮೋಡದ ದಿನ ಮೂಡಿದ ನೀಲಿ

ಪವಾಡ ಎಂದವರ ಮುಂದೆ ಬಾಯಿ ತುಂಬ ನಕ್ಕವನು ನಾನು. ಸ್ಪಿರಿಟ್ ದೀಪ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಅಂಜುಬುರುಕನಾದರೂ ರಸಾಯನಶಾಸ್ತ್ರದ ಮೇಲೆ ಎಂದೂ ಸಂಶಯಪಟ್ಟಿರಲಿಲ್ಲ.

ಅರವತ್ತರ ದಶಕದಲ್ಲಿ ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪ್ರಯೋಗ ಕಲಿಸುತ್ತಿದ್ದೆ. ಸಲಕರಣೆ ಕಡಿಮೆ, ಬಿಸಿಲು ಧಾರಾಳ. ಹಿಡಕಲ್ ಅಣೆಕಟ್ಟಿನ ಎಂಜಿನಿಯರರು ನೀಲಿ ನಕ್ಷೆ ತೆಗೆಯುವಂತೆಯೇ, ಕಬ್ಬಿಣದ ಲವಣ ಬಳಿದ ಹಳದಿ ಕಾಗದದ ಮೇಲೆ ಎಲೆಯಿಟ್ಟು, ಗಾಜು ಮುಚ್ಚಿ ಮಾಳಿಗೆಯ ಮೇಲೆ ಇಡುತ್ತಿದ್ದೆವು. ಆಮೇಲೆ ನೀರಲ್ಲಿ ತೊಳೆದರೆ ಬಿಸಿಲು ತಾಗಿದಲ್ಲಿ ನೀಲಿ, ಎಲೆಯಿದ್ದಲ್ಲಿ ಬಿಳಿ.

ಆ ವರ್ಷ ಪ್ರಾಯೋಗಿಕ ಪರೀಕ್ಷೆಯ ದಿನವೇ ಮೋಡ ಕವಿಯಿತು. ನಾನು ಹೆದರಿದ್ದೆಲ್ಲ ಹೀಗೆ ತಪ್ಪದೆ ನಡೆಯುತ್ತದೆ. ಹೊರಗಿನಿಂದ ಬಂದ ಪರೀಕ್ಷಕರು, ಯಾರೂ ಅದಲುಬದಲು ಮಾಡದಿರಲೆಂದು, ಪ್ರತಿ ಕಾಗದದ ಅಂಚಿಗೂ ತಾವೇ ಸಹಿ ಹಾಕಿ ಹಂಚಿದರು. ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕಾವಲೂ ಕೂತರು. ತೊಳೆದಾಗ ಎಲ್ಲರ ಕಾಗದವೂ ಸಪ್ಪೆ. ದಡ್ಡಿ ಎಂಬ ಹಳ್ಳಿಯಿಂದ ಬರುತ್ತಿದ್ದ ಸುಮಿತ್ರಾಳದು ಮಾತ್ರ ಮಸಿಯಷ್ಟು ಗಾಢ ನೀಲಿ! ಕಡುಬೇಸಿಗೆಯ ನಡುಹಗಲಲ್ಲೂ ಅಂಥದನ್ನು ನಾನು ಕಂಡಿರಲಿಲ್ಲ.

ಮನೆಯಲ್ಲೇ ಮಾಡಿ ತಂದಿದ್ದಾಳೆ ಎಂದರು ಪರೀಕ್ಷಕರು.

"ಸಹಿ ನಿಮ್ದ ಐತಲ್ರಿ," ಎಂದೆ.

"ಅದನ್ನೂ ನಕಲ್ ಮಾಡ್ಯಾಳ. ಇಂಥವರಿಗೆ ಇದೆಲ್ಲಾ ಬರ್ತೈತಿ."

ಹೆಂಡತಿಯೆದುರು ಕೂಡ ದನಿಯೇರಿಸದ ನಾನು ಆ ದಿನ ಕೂಗಾಡಿದೆ. ಬದಲಿಸಿದ್ದರೆ ನೀವು ಸಹಿ ಹಾಕಿ ಅವಳಿಗೆ ಕೊಟ್ಟ ಹಳದಿ ಕಾಗದ ಎಲ್ಲಿ ಹೋಯಿತು, ಹುಡುಕಿ ಕೊಡಿ ಎಂದೆ. ಹುಡುಕಿದರು, ಸಿಗಲಿಲ್ಲ. ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಪಾಸು ಮಾಡುತ್ತೇನೆ ಎಂದರು. ಮೂಡಲಗಿಯ ಹೈಸ್ಕೂಲಿನಲ್ಲಿ ಅವಳಿಗೆ ಮಾಸ್ತರಿಕೆ ಕಾದಿತ್ತು, ಪಾಸಾದರೆ ಮಾತ್ರ.

ಸುಮಿತ್ರಾ ಪೆನ್ನು ಮುಟ್ಟಲಿಲ್ಲ. "ಮಾಡದ್ದನ್ನ ಮಾಡೇನಿ ಅಂತ ಹೆಂಗ ಬರೀಲ್ರಿ, ಸರ?"

ಅವಳನ್ನು ನಪಾಸು ಮಾಡಿ ಆ ಮಹಾಶಯರು ಮಧ್ಯಾಹ್ನದ ಬಸ್ಸು ಹತ್ತಿದರು. ಮೂಡಲಗಿಯ ಕೆಲಸ ಬೇರೆಯವರ ಪಾಲಾಯಿತು.

ಅಂದು ಪರೀಕ್ಷಕರು ಹೋದ ಮೇಲೆ ಅದೇ ಮೋಡದಡಿ, ಅದೇ ದ್ರಾವಣ ಬಳಿದು, ಅವಳದೇ ಗಾಜಿನ ಚೌಕಟ್ಟನ್ನು ಅದೇ ಜಾಗದಲ್ಲಿಟ್ಟೆ. ಎಷ್ಟು ಸಲ ಇಟ್ಟರೂ ಸಪ್ಪೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸುಮಿತ್ರಾ ಕೇಳಿದಳು: "ನೀವರ ನನ್ನ ನಂಬ್ತೀರೇನ್ರಿ?"

ನಿನ್ನನ್ನು ನಂಬುತ್ತೇನವ್ವ, ಈ ಕಾಗದವನ್ನು ಹೇಗೆ ನಂಬುವುದೋ ತಿಳಿಯುತ್ತಿಲ್ಲ ಎಂದೆ.

"ಅಷ್ಟಾದ್ರ ಸಾಕ್ರಿ," ಎಂದು ಚೀಲ ಹೆಗಲಿಗೇರಿಸಿ ಇಳಿದು ಹೋದಳು.

ನನಗೆ ಮಾತ್ರ ಇಂದಿಗೂ ಸಾಕಾಗಿಲ್ಲ. ಆ ನೀಲಿ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ. ಆ ಪರೀಕ್ಷಕರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಅವಳನ್ನು ಕಳ್ಳಿ ಎಂದರು.