ಕಂಬದ ಬುಡದ ತೂತು

ನನ್ನ ಭಾವ ಈನಕ್ ಹೋಲ್ರಾಯ್ಡ್‌ನಿಗೆ ಬಣ್ಣದ ಹುಚ್ಚು. ಯಾರ್ಕ್‌ಶೈರಿನ ನಮ್ಮೂರ ಕುದುರೆ ಓಟದ ಮೈದಾನದ ಗ್ಯಾಲರಿಗೆ ಅವನೇ ಕಾವಲುಗಾರ, ಅವನೇ ಬಣ್ಣದವನು. ಅದರ ಅಡಿಯ ಎರಡು ಕೋಣೆಗಳಲ್ಲಿ ಅವನೂ ನನ್ನ ಅಕ್ಕ ಡಾರ್ಕಸಳೂ ಸಂಸಾರ ಹೂಡಿದ್ದರು. ಕೆಲಸ ಹೋದರೆ ಮನೆಯೂ ಹೋದಂತೆ.

ಮೇಲೆ ಸಿರಿವಂತರ ಬಾಲ್ಕನಿ, ಕೆಳಗೆ ನಮ್ಮಂಥವರು ನಿಲ್ಲುವ ಮೆಟ್ಟಿಲುಗಳು. ಬಾಲ್ಕನಿಯನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳ ತಲೆಯಲ್ಲಿ ಹೂಬಳ್ಳಿ, ಒಳಗೆಲ್ಲ ಪೊಳ್ಳು. ಸೂರಿನ ಮಳೆನೀರು ಕಂಬದ ಹೊಟ್ಟೆಯಲ್ಲೇ ಇಳಿದು ನೆಲದಡಿಯ ಮೋರಿ ಸೇರುತ್ತಿತ್ತು. ಮೋರಿ ಕಟ್ಟಿಕೊಂಡರೆ ನಿಂತ ನೀರು ಸೋರಿಹೋಗಲೆಂದು ಪ್ರತಿ ಕಂಬದ ಬುಡದಲ್ಲೊಂದು ಸಣ್ಣ ತೂತು. ಅದರಿಂದ ಇಳಿಯುವ ತುಕ್ಕಿನ ಕಲೆ ಅವನ ಬಿಳಿ ಬಣ್ಣವನ್ನು ಕೆಡಿಸುತ್ತಿತ್ತು. ಒಂದು ಶರತ್ಕಾಲದಲ್ಲಿ ಅವನು ತೂತುಗಳಿಗೆಲ್ಲ ಪುಟ್ಟಿ ಮೆತ್ತಿದ.

"ಸುಮ್ನೆ ಇಟ್ಟಿರ್ತಾರಾ ಆ ತೂತು, ಮಾರಾಯ?" ಎಂದಳು ಅಕ್ಕ.

"ನಾಲ್ಕು ಜನ ನೋಡೋ ಕಂಬ ಕಣೇ. ಮೂಗು ಸೋರಿಸ್ಕೊಂಡು ನಿಂತಿರಬೇಕಾ?"

ಎಲೆ ಬಿದ್ದು ಮೋರಿ ಕಟ್ಟಿತು. ಚಳಿಗಾಲದಲ್ಲಿ ನಡುಗಂಬದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ಕಂಬ ಬುಡದಿಂದ ಎದೆಯೆತ್ತರಕ್ಕೆ ಬಿರುಕು ಬಿಟ್ಟಿತು. ಪುಣ್ಯಾತ್ಮ ಅದನ್ನು ಯಾರಿಗೂ ಹೇಳಲಿಲ್ಲ. ಎರಕದವರು ದೋಷ ಮುಚ್ಚಲು ಮಾಡುವಂತೆ ಮೇಣಕ್ಕೆ ಕಬ್ಬಿಣದ ಪುಡಿ ಕಲಸಿ ಬಿರುಕಿಗೆ ತುಂಬಿ, ಮೇಲೆ ಬಣ್ಣ ಬಳಿದ. ಆ ಮೇಣ ಉದುರಿ ಬಿರುಕು ಅಕ್ಕನ ಕಣ್ಣಿಗೆ ಬಿದ್ದದ್ದು ಓಟದ ದಿನ ಬೆಳಿಗ್ಗೆ.

"ಹೋಗಿ ಮೈದಾನದ ಕಾರ್ಯದರ್ಶಿಗಳಿಗೆ ಹೇಳು. ಅಲ್ಲಿ ಜನ ನಿಲ್ತಾರೆ."

"ಹೇಳಿದ್ರೆ ಸಂಜೆಗೆ ನಮ್ಮ ಪಾತ್ರೆಪಗಡೆ ಬೀದೀಲಿರುತ್ತೆ."

"ಹಾಗಾದ್ರೆ ನಾನೇ ಹೇಳ್ತೀನಿ."

"ಹೇಳು. ನಾನು ಜೈಲಿಗೆ, ನೀನು ಬಡವರ ಛತ್ರಕ್ಕೆ. ಖುಷಿನಾ?"

ಅಕ್ಕ ಬಣ್ಣದ ಡಬ್ಬಿ, ಕುಂಚ ಹಿಡಿದು ಹೋಗಿ ಆ ಕಂಬದ ಬಳಿ ನಿಂತಳು.

"ಹಸಿ ಬಣ್ಣ! ಆಚೆ ನಿಲ್ಲಿ!"

"ಏನಮ್ಮಾ, ಓಟದ ದಿನವೇ ಬೇಕಿತ್ತಾ ಈ ಸಿಂಗಾರ?" ಎಂದನೊಬ್ಬ.

"ಕೋಟು ಕೆಟ್ರೆ ನಿನ್ ಹೆಂಡ್ತಿ ಬಾಗಿಲು ತೆಗಿಯಲ್ಲ, ನಡಿಯಣ್ಣ!"

ಎಲ್ಲರೂ ನಕ್ಕು ದೂರ ಸರಿದೆವು. ನನಗೂ ಏನೂ ಗೊತ್ತಿರಲಿಲ್ಲ. ದೊಡ್ಡ ಓಟದ ಕುದುರೆಗಳು ತಿರುವು ದಾಟಿ ಬಂದಾಗ ಬಾಲ್ಕನಿಯವರೆಲ್ಲ ಕಟಕಟೆಗೆ ಮುಗಿಬಿದ್ದರು. ಕೆಳಗೆ ಕುಡುಕನೊಬ್ಬ ಕಂಬಕ್ಕೆ ಒರಗಲು ಬಂದ. ಅಕ್ಕ ಎರಡೂ ಕೈಯಿಂದ ಅವನನ್ನು ಆಚೆ ದಬ್ಬಿದಳು. ಆಗಲೇ ಕಂಬ ಸೀಳಿ ಬಾಲ್ಕನಿ ಕುಸಿಯಿತು.

ಮೇಲಿದ್ದವರ ಕೈಕಾಲು ಮುರಿದವು. ಅಡಿಯಲ್ಲಿ ಸಿಕ್ಕವಳು ಅಕ್ಕ ಒಬ್ಬಳೇ.

ವಿಚಾರಣೆಯಲ್ಲಿ ಹಳೆಯ ಎರಕದ ದೋಷವೆಂದು ತೀರ್ಪಾಯಿತು. ಕಾರ್ಯದರ್ಶಿಗಳು ಮರುಗಿ, ಆ ಎರಡು ಕೋಣೆಗಳನ್ನು ಭಾವನಿಗೆ ಬದುಕಿರುವವರೆಗೂ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅವನು ಟೋಪಿ ತೆಗೆದು ವಂದಿಸಿದ. ಮನೆಗೆ ಬಂದ ಮೇಲೆ ನನಗೆ ಎಲ್ಲವನ್ನೂ ಹೇಳಿದ. ನಾನು ಕೆನ್ನೆಗೆ ಬಾರಿಸಿದೆ, ಅವನು ತಡೆಯಲಿಲ್ಲ. ಅಕ್ಕ ಜೀವ ಕೊಟ್ಟು ಉಳಿಸಿದವನನ್ನು ಜೈಲಿಗೆ ಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಅವನನ್ನು ಕ್ಷಮಿಸಿಯೂ ಇಲ್ಲ.

ಈಗ ಅಲ್ಲಿ ಹೊಸ ಕಂಬವಿದೆ. ಅದರ ಬುಡದಲ್ಲಿ ತುಕ್ಕು ಇಳಿದರೂ ಅವನು ಒರೆಸುವುದಿಲ್ಲ. ಪ್ರತಿ ಓಟದ ದಿನ ಒಣಡಬ್ಬಿ ಹಿಡಿದು ಅದರ ಪಕ್ಕ ನಿಂತು, "ಹಸಿ ಬಣ್ಣ, ಆಚೆ ನಿಲ್ಲಿ" ಎನ್ನುತ್ತಾನೆ. ಜನ ಪಾಪವೆಂದು ಸರಿದು ನಿಲ್ಲುತ್ತಾರೆ.