ಮಣ್ಣು ನೋಡುತ್ತಿದ್ದ ಚನ್ನಬಸಪ್ಪ ಸಾರ್

ಚನ್ನಬಸಪ್ಪ ಸಾರ್ ಕಾಯಿಲೆ ಬಿದ್ದ ಗಿಡದ ಎಲೆಯನ್ನು ಕೊನೆಗೆ ನೋಡುತ್ತಿದ್ದರು. ಮೊದಲು ಬೇರು, ಆಮೇಲೆ ಬುಡದ ಮಣ್ಣು, ಅದಾದ ಮೇಲೆ ಗಿಡ ತಂದವರ ಮುಖ. ಎಲೆಯ ಸರದಿ ಬರುವಷ್ಟರಲ್ಲಿ ತಂದವರ ತಾಳ್ಮೆ ಮುಗಿದಿರುತ್ತಿತ್ತು.

ಮಣ್ಣು ಪರೀಕ್ಷೆಯ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ವಿನೋಬನಗರದ ನನ್ನ ನರ್ಸರಿಯ ಹಿಂದಿನ ಶೆಡ್ಡಿನಲ್ಲಿ ಅವರು ಟೆಸ್ಟ್ ಟ್ಯೂಬ್ ಜೋಡಿಸಿಕೊಂಡು ಕೂತರು. ಅವರ ಹತ್ತಿರ ಬಂದವರು ನನ್ನಲ್ಲಿ ಔಷಧಿ ಕೊಳ್ಳುತ್ತಾರೆಂಬ ಆಸೆಯಿಂದ ಜಾಗ ಕೊಟ್ಟವಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ರಾಗಿಗುಡ್ಡದ ಹೆಂಗಸೊಬ್ಬರು ಹಳದಿಗೆ ತಿರುಗಿದ ಗುಲಾಬಿ ಕುಂಡ ತಂದಾಗ ನಾನು ಔಷಧಿ ಬಾಟಲಿ ಕೈಗೆ ತೆಗೆದುಕೊಂಡಾಗಿತ್ತು. ಸಾರ್ ಬೇರು ಬಿಡಿಸಿ ನೋಡಿದರು.

"ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಮ್ಮ?"

"ಮೂರು ಸಲ. ಒಂದಿನಾನೂ ತಪ್ಸಿಲ್ಲ ಸಾರ್."

"ಹಾಗಾದ್ರೆ ಔಷಧಿ ಬೇಡ. ಒಂದು ವಾರ ತವರುಮನೆಗೆ ಹೋಗ್ಬನ್ನಿ."

ಆಕೆ ನಗುತ್ತಾ ಹೋದರು. ನಾನು ಹೊಟ್ಟೆ ಉರಿದುಕೊಂಡೇ ಬಾಟಲಿಯನ್ನು ಕಪಾಟಿಗೆ ವಾಪಸ್ ಇಟ್ಟೆ.

ಭದ್ರಾವತಿ ಕಡೆಯ ರೈತರು ಬಟ್ಟೆಚೀಲದಲ್ಲಿ ಮಣ್ಣು ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ವರದಿ ಚೆನ್ನಾಗಿ ಬರಲಿ ಅಂತ ಕೆಲವರು ಗೊಬ್ಬರಗುಂಡಿ ಪಕ್ಕದ ಕಪ್ಪು ಮಣ್ಣನ್ನೇ ಆರಿಸಿ ತರುವರು. ಸಾರ್ ಮೂಸಿ ನೋಡಿ ಚೀಲ ಹಿಂದಕ್ಕೆ ಕೊಡುತ್ತಿದ್ದರು. "ಹೆಣ್ಣು ತೋರ್ಸೋಕೆ ಬಂದಿದ್ದೀಯೇನೋ ಮಾರಾಯ? ಎಲ್ಲಿ ಬೆಳೆ ಸೊರಗಿದೆಯೋ ಅಲ್ಲಿಂದ ತಗೊಂಡ್ಬಾ."

ಮಣ್ಣಿನಲ್ಲಿ ರಂಜಕ ಎಷ್ಟಿದೆ ಎಂದು ನೋಡಲು ಅವರು ಮಣ್ಣು ಕಲಸಿ ಸೋಸಿದ ನೀರಿಗೆ ಏನನ್ನೋ ಹನಿಸುತ್ತಿದ್ದರು. ಅದು ನೀಲಿಯಾಗುತ್ತಿತ್ತು. ಕಡು ನೀಲಿಯಾದರೆ ರಂಜಕ ಸಾಕಷ್ಟಿದೆ, ತೆಳು ನೀಲಿಯಾದರೆ ಗೊಬ್ಬರ ಹಾಕಬೇಕು. ಒಂದು ಮಧ್ಯಾಹ್ನ ಕಾಫಿ ಕೊಡಲು ಹೋದಾಗ, ಟ್ಯೂಬನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು 'ಕಮ್ಮಿ' ಎಂದು ಬರೆಯುತ್ತಿದ್ದರು.

"ಸಾರ್, ಅದು ಕಡು ನೀಲಿ ಅಲ್ವಾ?" ಎಂದೆ.

ಅವರು ಉಳಿದ ಟ್ಯೂಬುಗಳನ್ನೂ ಒಂದೊಂದಾಗಿ ನನಗೆ ತೋರಿಸಿ ಬಣ್ಣ ಕೇಳಿದರು. ಮೂರರಲ್ಲಿ ನಮ್ಮಿಬ್ಬರ ಲೆಕ್ಕ ಕೂಡಲಿಲ್ಲ. "ಪೊರೆ ಬಂದಿದೆ ಅಂದಿದ್ರು ಡಾಕ್ಟ್ರು," ಎಂದರು. "ಬಣ್ಣಾನೇ ತಪ್ಪುತ್ತೆ ಅಂತ ಗೊತ್ತಾಗ್ಲಿಲ್ಲ."

ಆ ಹಂಗಾಮಿನಲ್ಲಿ ವರದಿ ಒಯ್ದವರಿಗೆಲ್ಲ ಅಂದೇ ಅಂಚೆ ಕಾರ್ಡು ಬರೆಯಲು ಕೂತರು: ನನ್ನ ಕಣ್ಣು ಸರಿಯಿಲ್ಲ, ಕೊಟ್ಟ ವರದಿ ನಂಬಬೇಡಿ, ಮಣ್ಣು ಮತ್ತೆ ತನ್ನಿ. ನನಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷದ ಹೆಸ್ರು ಮಣ್ಣುಪಾಲಾಗುತ್ತೆ. ಸುಮ್ನೆ ಆಪರೇಷನ್ ಮಾಡಿಸ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ."

"ಹೆಸ್ರು ನಂದು ಮಾರಾಯ್ತಿ, ಹೊಲ ಅವ್ರದ್ದು," ಎಂದು ಬರೆದ ಕಾರ್ಡುಗಳನ್ನು ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟರು.

ಹತ್ತು ದಿನ ಒಬ್ಬರೂ ಬರಲಿಲ್ಲ. ಸಾರ್ ಬೆಳಗ್ಗೆ ಬಂದು ಕೂತು ಸಂಜೆ ಎದ್ದು ಹೋಗುತ್ತಿದ್ದರು. ಹನ್ನೊಂದನೆಯ ದಿನ ಭದ್ರಾವತಿ ಕಡೆಯ ಸಿದ್ದಪ್ಪ ಬಂದ.

"ಗೊಬ್ಬರ ಹಾಕಾಯ್ತಲ್ಲ ಸಾರ್," ಎಂದ, ಸಿಟ್ಟಿನಿಂದಲೇ.

ಸಾರ್ ಎದ್ದು ನಿಂತರು. "ತಪ್ಪಾಯ್ತು ಕಣಪ್ಪ."

ಸಿದ್ದಪ್ಪ ಹೆಗಲಿನ ಚೀಲ ಇಳಿಸಿ ಮೇಜಿನ ಮೇಲಿಟ್ಟ. "ತಪ್ಪಾಯ್ತು ಅಂತ ಕಾಗ್ದ ಬರ್ಯೋರು ಇನ್ಯಾರಿದಾರೆ? ನೋಡಿ."

ಅಂದಿನಿಂದ ಬಣ್ಣ ಹೇಳುವುದು ನನ್ನ ಕೆಲಸವಾಯಿತು. ಆಪರೇಷನ್ ಆದರೂ ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಉಳಿಸಲಿಲ್ಲ. ಕೆಲವು ವರ್ಷಗಳ ನಂತರ ಹಾಸಿಗೆ ಹಿಡಿದಾಗ, ಹೊಸಮನೆ ಬಡಾವಣೆಯ ಅವರ ಮನೆಯಲ್ಲೇ ಮಂಚದ ಪಕ್ಕ ಟ್ಯೂಬುಗಳನ್ನಿಟ್ಟೆವು. ಅವರ ಕೊನೆಯ ದಿನ ಬಣ್ಣದ ಪಟ್ಟಿಯ ಎರಡು ನೀಲಿಗಳ ನಡುವೆ ನಾನು ತಡವರಿಸಿದೆ. ಯಾವುದೋ ಒಂದು ಹೇಳಿಬಿಟ್ಟರೆ ಅವರಿಗೆ ಹೇಗೂ ಕಾಣುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ನಾಚಿಕೆಯೂ ಆಯಿತು.

"ಗೊತ್ತಾಗ್ತಿಲ್ಲ ಸಾರ್," ಎಂದೆ.

"ಹಾಗಂತಲೇ ಬರಿ," ಎಂದರು. "ಇನ್ಮೇಲೆ ನೀನೊಬ್ಳೇ ನೋಡ್ಬಹುದು."